ತಂಗೀ, ಮಗಳು ಕೆಲಸಕ್ಕೂ ಹೋಗಲಿ, ಊರಿಗೂ ಬರಲಿ

ಮಾರಾಯ್ತಿ, ನಿನ್ನ ಮೆಸೇಜು ಮಧ್ಯಾಹ್ನವೇ ನೋಡಿದೆ. ಲೋಕಲಿನ ರಶ್ಶಿನಲ್ಲಿ ಮಾತಾಡಲು ಆಗಲಿಲ್ಲ. ಈಗ ಅನ್ನಕ್ಕೆ ಇಟ್ಟು ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಾದಾಗ ಕೇಳು. ದೊಡ್ಡಪ್ಪ, ನೀವೂ ಕೇಳಿ. ನಿಮ್ಮ ಪ್ರಶ್ನೆಗೂ ನಾನು ಹೇಳುವುದಿದೆ.

ಗ್ರೂಪಿನಲ್ಲಿ ಉಳಿದವರಿಗೆ ವಿಷಯ ಗೊತ್ತಾಗಲಿ. ತಂಗಿಯ ಮಗಳು ಹನ್ನೆರಡನೆಯ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಾಳೆ. ಮುಂಬೈ ಪಕ್ಕದ ಠಾಣೆ ಊರಿನಲ್ಲಿ, ನೌಪಾಡಾ ಕಡೆ ಒಂದು ಬಟ್ಟೆ ಅಂಗಡಿಯಲ್ಲಿ ಅವಳಿಗೆ ಕೆಲಸ ಸಿಕ್ಕಿದೆ. ಬೆಳಗ್ಗೆ 11ರಿಂದ ರಾತ್ರಿ 9ರವರೆಗೆ ಅಂತೆ. ಇತ್ತ ಮೇ ತಿಂಗಳಲ್ಲಿ ಊರಿಗೆ ಹೋಗಲು ಮತ್ಸ್ಯಗಂಧ ರೈಲಿನಲ್ಲಿ ನಾಲ್ಕೂ ಜನರ ಟಿಕೆಟ್ ಆಗಿದೆ. ಹುಡುಗಿ 'ನಾನು ಬರುವುದಿಲ್ಲ, ಕೆಲಸ ಬಿಡುವುದಿಲ್ಲ' ಎನ್ನುತ್ತಿದ್ದಾಳೆ. ಅವಳ ಅಪ್ಪ 'ಹಾಗಾದರೆ ಕೆಲಸವೇ ಬೇಡ' ಎಂದು ಕೂತಿದ್ದಾರೆ. ದೊಡ್ಡಪ್ಪ 'ನಮ್ಮ ಮನೆಯ ಹೆಣ್ಣುಮಗಳು ಅಂಗಡಿಯಲ್ಲಿ ನಿಲ್ಲುವಂಥದ್ದು ಏನಾಗಿದೆ?' ಎಂದು ಕೇಳಿದ್ದಾರೆ.

ನನ್ನನ್ನು ಕೇಳಿದರೆ, ಅವಳು ಕೆಲಸಕ್ಕೆ ಹೋಗಲಿ. ಆದರೆ ಆ ಟೈಮಿಗೆ ಬೇಡ. ಊರಿಗೂ ಬರಲಿ. ಆದರೆ ರಜೆಯನ್ನು ಅವಳೇ ಕೇಳಿ ತೆಗೆದುಕೊಳ್ಳಲಿ. ನೀನು ಅಂಗಡಿಗೆ ಫೋನು ಮಾಡಿ ಕೇಳಬೇಡ.

ಮೊದಲು ಟೈಮಿನ ಮಾತು. ಅವಳಿಗೆ 18 ತುಂಬುವುದು ಸೆಪ್ಟೆಂಬರಿನಲ್ಲಿ, ಅಲ್ವಾ? ಅಲ್ಲಿಯವರೆಗೆ ಅವಳಿಗೆ ಬೇರೆಯೇ ಕಾನೂನು. 1986ರ ಬಾಲಕಾರ್ಮಿಕ ಕಾಯ್ದೆಯನ್ನು 2016ರಲ್ಲಿ ತಿದ್ದಿದರು. 14 ತುಂಬಿ 18 ಆಗದ ಮಕ್ಕಳನ್ನು ಗಣಿ, ಪಟಾಕಿ ಮದ್ದು, ಅಪಾಯದ ಕಾರ್ಖಾನೆ ಕೆಲಸಕ್ಕೆ ಇಟ್ಟುಕೊಳ್ಳುವ ಹಾಗೇ ಇಲ್ಲ. ಅಂಗಡಿಯಲ್ಲಿ ಇಟ್ಟುಕೊಳ್ಳಬಹುದು, ಆದರೆ ಲೆಕ್ಕ ಇದೆ. ಒಂದೇ ಸಮನೆ ಮೂರು ಗಂಟೆಗಿಂತ ಜಾಸ್ತಿ ದುಡಿಸಬಾರದು. ನಡುವೆ ಒಂದು ಗಂಟೆ ಬಿಡುವು ಕೊಡಬೇಕು. ಆ ಬಿಡುವೂ ಸೇರಿ ದಿನಕ್ಕೆ ಆರು ಗಂಟೆ, ಅಷ್ಟೇ. ಸಂಜೆ 7ರಿಂದ ಬೆಳಗ್ಗೆ 8ರವರೆಗೆ ಕೆಲಸವೇ ಇಲ್ಲ. ಓವರ್‌ಟೈಮ್ ಇಲ್ಲ. ವಾರಕ್ಕೊಂದು ರಜೆ ಕೊಡಲೇಬೇಕು. ಅಂದ ಮೇಲೆ 11ರಿಂದ 9 ಎನ್ನುವ ಮಾತು ನಿಲ್ಲುವುದೇ ಇಲ್ಲ. ಬಟ್ಟೆ ಅಂಗಡಿಗೆ ಗಿರಾಕಿ ಬರುವುದೇ ಸಂಜೆ, ಮಾಲೀಕರಿಗೆ ಆಗ ಕೈ ಬೇಕು, ಅದು ಅವರ ಕಷ್ಟ. ನಮ್ಮ ಹುಡುಗಿ 12ರಿಂದ 6 ಕೇಳಲಿ. ಕೊಟ್ಟರೆ ಸೈ. 'ಆಗುವುದಿಲ್ಲ' ಎಂದರೆ ಆ ಅಂಗಡಿ ಬೇಡ. ಠಾಣೆಯಲ್ಲಿ ಅಂಗಡಿಗಳಿಗೆ ಬರವೇನೂ ಇಲ್ಲ.

ನನ್ನ ಮಗ ಹೋದ ವರ್ಷ ಡೊಂಬಿವಲಿಯಲ್ಲೇ ಒಂದು ಪುಸ್ತಕದ ಅಂಗಡಿಗೆ ಹೋದ ಎಂದು ನಿಮಗೆಲ್ಲ ಗೊತ್ತು. ಅವನಿಗೂ ಆಗ 17. ಆ ಮಾಲೀಕರು ತಾವಾಗಿಯೇ 12ರಿಂದ 6 ಎಂದು ಹೇಳಿದ್ದರು. ಏಪ್ರಿಲಿನಲ್ಲಿ ಕೆಲಸ ಅಷ್ಟಕ್ಕಷ್ಟೇ. ಮೇ ಅರ್ಧ ಆದ ಮೇಲೆ ನೋಡಬೇಕು! ಜೂನ್ ಮಧ್ಯದಲ್ಲಿ ಶಾಲೆ ಶುರು. ಬಾಲಭಾರತಿ ಪುಸ್ತಕ, ಅಂದರೆ ಇಲ್ಲಿನ ಸರ್ಕಾರದ ಪಠ್ಯಪುಸ್ತಕ, ನೋಟ್‌ಬುಕ್ಕು, ಖಾಕಿ ಕಾಗದದ ರೋಲು, ಲೇಬಲ್ಲು ಎಂದು ತಾಯಂದಿರು ಪಟ್ಟಿ ಹಿಡಿದು ಸಾಲು ನಿಲ್ಲುತ್ತಾರೆ. ಇವನಿಗೆ ಮೊದಲು ಕಲಿಸಿದ್ದು ಡಜನ್ ನೋಟ್‌ಬುಕ್ಕಿನ ಕಟ್ಟು ಕಟ್ಟುವುದು. ಬೈಂಡಿಂಗ್ ಬದಿ ಅರ್ಧ ಈಚೆ, ಅರ್ಧ ಆಚೆ ಇಟ್ಟು ಜೋಡಿಸಬೇಕು, ಇಲ್ಲದಿದ್ದರೆ ಒಂದು ಬದಿ ಉಬ್ಬುತ್ತದೆ. ಸುತಲಿ ದಾರವನ್ನು ಅಡ್ಡ ಒಂದು, ಉದ್ದ ಒಂದು ಸುತ್ತು ಹಾಕಬೇಕು, ಗಂಟು ಮೂಲೆಗೆ ಬರಬಾರದು, ಮಧ್ಯಕ್ಕೆ ಬರಬೇಕು. ಮನೆಗೆ ಬಂದು ನಮ್ಮ ಹಳೆಯ ಪೇಪರನ್ನೆಲ್ಲ ಹಾಗೇ ಕಟ್ಟಿ ತೋರಿಸಿದ. ಬೆರಳಿನ ಮೇಲೆ ಸುತಲಿ ಕೊಯ್ದ ಗೆರೆ ಇತ್ತು. ಅರಿಶಿನ ಹಚ್ಚುತ್ತೇನೆ ಎಂದರೆ ಕೈ ಕೊಡಲಿಲ್ಲ.

ಒಂದು ದಿನ ವಯಸ್ಸಾದವರೊಬ್ಬರು ಮೊಮ್ಮಗಳಿಗೆ ಕನ್ನಡ ಮಾಧ್ಯಮದ ಗಣಿತ ಪುಸ್ತಕ ಹುಡುಕಿಕೊಂಡು ಬಂದರಂತೆ. ಬಾಲಭಾರತಿಯವರು ಕನ್ನಡದಲ್ಲೂ ಪುಸ್ತಕ ಮಾಡುತ್ತಾರಲ್ಲ. ಆ ಅಂಗಡಿಯಲ್ಲಿ ಇರಲಿಲ್ಲ. ಅವರು ಹಿಂದಿಯಲ್ಲಿ ತಡವರಿಸುತ್ತಿದ್ದರು. ಇವನು ಕನ್ನಡದಲ್ಲೇ 'ಅಜ್ಜ, ತರಿಸಿ ಕೊಡಬಹುದಾ ಎಂದು ಕೇಳುತ್ತೇನೆ, ನಂಬರು ಬರೆದು ಹೋಗಿ' ಎಂದನಂತೆ. ಪುಸ್ತಕ ತರಿಸಿ ಫೋನೂ ಮಾಡಿದ. ಮನೆಯಲ್ಲಿ ಕನ್ನಡ ಮಾತಾಡು ಎಂದರೆ ಮುಖ ಸಿಂಡರಿಸುತ್ತಿದ್ದ ಹುಡುಗ! ನನಗೆ ಅವನ ಸಂಬಳಕ್ಕಿಂತ ಇದು ಖುಷಿ ಕೊಟ್ಟಿತು.

ದೊಡ್ಡಪ್ಪ, ಈಗ ನಿಮಗೆ. ಬೇಜಾರು ಮಾಡಿಕೊಳ್ಳಬೇಡಿ. ನೀವು ಮೀಸೆ ಬರುವ ಮೊದಲೇ ಕುಂದಾಪುರದಿಂದ ಬಂದು ಮಾಟುಂಗಾದ ಹೋಟೆಲಿನಲ್ಲಿ ಹಗಲು ಗ್ಲಾಸು ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತವರು. ಆಗ ಕೊಂಕಣ ರೈಲೂ ಇರಲಿಲ್ಲ, ಅದು ಪೂರ್ತಿ ಓಡಿದ್ದು 1998ರಲ್ಲಿ. ಊರಿಗೆ ಹೋಗಬೇಕೆಂದರೆ ಘಾಟಿಯ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಹೋಗುತ್ತಿದ್ದೆವು ಎಂದು ನೀವೇ ಹೇಳಿದ್ದೀರಿ. ಅಂಥ ಕಷ್ಟ ನಮ್ಮ ಮಕ್ಕಳಿಗೆ ಬರಬಾರದು ಎಂದು ನಿಮ್ಮ ಹೊಟ್ಟೆಯಲ್ಲಿ ಸಂಕಟ. ಅದು ನನಗೆ ಗೊತ್ತು. ಆದರೆ ದೊಡ್ಡಪ್ಪ, ಮನೆಯಲ್ಲಿ ಅಕ್ಕಿ ಇಲ್ಲ ಎಂದು ಇವಳು ಹೋಗುತ್ತಿಲ್ಲ. ಓದು ಬಿಟ್ಟೂ ಹೋಗುತ್ತಿಲ್ಲ. ಜೂನ್ ನಂತರ ಕಾಲೇಜು ಇದ್ದೇ ಇದೆ. ಎರಡು ತಿಂಗಳು ತನ್ನ ಕಾಲ ಮೇಲೆ ನಿಂತು ನೋಡುತ್ತಾಳೆ. ನಿಮ್ಮ ದುಡಿಮೆಯಿಂದಲೇ ನಾವೆಲ್ಲ ಓದಿದ್ದು. ಅಂಗಡಿಯಲ್ಲಿ ನಿಲ್ಲುವುದು ನಮ್ಮ ಮನೆಗೆ ಯಾವತ್ತೂ ಕಮ್ಮಿ ಆಗಿರಲಿಲ್ಲ. ಈಗಲೂ ಆಗುವುದಿಲ್ಲ.

ನನ್ನ ಮಗ ಸೇರಿದ ದಿನ ನಮ್ಮ ಮಾವ ಕೇಳಿದ್ದು ಒಂದೇ ಮಾತು. 'ಊಟ ಕೊಡುತ್ತಾರಾ?' ಇಲ್ಲ, ಮಾವ, ಡಬ್ಬಿ ಕಟ್ಟುತ್ತೇನೆ ಎಂದೆ. 'ಹಾಗಾದರೆ ಕೂತು ಉಣ್ಣಲು ಜಾಗ ಇದೆಯಾ ನೋಡು' ಎಂದರು. ತಂಗೀ, ಇದನ್ನು ನೀನೂ ನೋಡು. ಊಟಕ್ಕೆ ಜಾಗ, ಕುಡಿಯುವ ನೀರು, ಹೆಂಗಸರಿಗೆ ಬೇರೆ ಟಾಯ್ಲೆಟ್ಟು, ಗಿರಾಕಿ ಇಲ್ಲದಾಗ ಕೂರಲು ಒಂದು ಸ್ಟೂಲು. ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಲ್ಲಿಸುತ್ತಾರೆ. ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಎಂದು ಕಾನೂನೇ ಮಾಡಬೇಕಾಯಿತು, ಅಷ್ಟು ಕಾಲು ನೋವು ತಿಂದಿದ್ದಾರೆ ಆ ಹೆಣ್ಣುಮಕ್ಕಳು.

ಈಗ ನನ್ನ ಮನಸ್ಸಿನಲ್ಲಿ ಇರುವ ದೊಡ್ಡ ಮಾತು. ನನ್ನ ಮಗ ಸಂಜೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮನೆಯವರೆಲ್ಲ ಎದ್ದು ನಿಲ್ಲುತ್ತಿದ್ದರು. ಒಬ್ಬರು ನೀರು ಕೊಟ್ಟರು, ಒಬ್ಬರು ಫ್ಯಾನು ಹಾಕಿದರು. ಮಾವ 'ಪಾಪ, ದುಡಿದು ಬಂದಿದ್ದಾನೆ' ಎಂದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಬಕೆಟಿನಲ್ಲಿ ಬಿಸಿ ನೀರಿಗೆ ಉಪ್ಪು ಹಾಕಿ ಕಾಲು ಇಡಲು ಕೊಟ್ಟೆ. ಬಹಳ ಸಂತೋಷದಿಂದ ಮಾಡಿದ್ದೇನೆ. ಇದೇ ನಿನ್ನ ಮಗಳಿಗೂ ಆಗಬೇಕು. ಅವಳು ಬಾಗಿಲು ದಾಟುವ ಮೊದಲೇ 'ಬಂದೆಯಾ, ಚಪಾತಿ ಲಟ್ಟಿಸು' ಎನ್ನುವುದು ಬೇಡ. ನಿಮ್ಮ ಮನೆಯಲ್ಲಿ ಹಾಗೆ ಎಂದು ಹೇಳುತ್ತಿಲ್ಲ. ನಮ್ಮ ಎಲ್ಲರ ಮನೆಯಲ್ಲೂ ಹುಡುಗಿ ದುಡಿದು ಬಂದರೆ ಅದು ಹೊರಗಿನ ಕೆಲಸ, ಒಳಗಿನದು ಹಾಗೇ ಕಾದಿರುತ್ತದೆ. ನಾವಿಬ್ಬರೂ 18 ವರ್ಷದಿಂದ ಹೀಗೇ ಬದುಕುತ್ತಿದ್ದೇವೆ, ಬೆಳಗ್ಗೆ ನಾಲ್ಕು ಡಬ್ಬಿ, ಓಡಿ 8ರ ಲೋಕಲು, ಸಂಜೆ ಇಳಿದ ಕೂಡಲೇ ತರಕಾರಿ. ಅವಳಿಗೆ ಕೆಲಸ ಎಂದರೆ ಇದೇ ಎಂದು ಮೊದಲ ತಿಂಗಳಲ್ಲೇ ಕಲಿಸಬೇಡ. ತಮ್ಮ ಇದ್ದಾನಲ್ಲ, ಅವನು ತಟ್ಟೆ ಇಡಲಿ. ಅವಳ ಅಪ್ಪ ಒಂದು ಲೋಟ ಮಜ್ಜಿಗೆ ಕೊಡಲಿ. ಇದನ್ನು ನಾನು ಅವರಿಗೇ ಹೇಳುತ್ತಿದ್ದೇನೆ, ಗ್ರೂಪಿನಲ್ಲಿ ಇದ್ದಾರೆ, ಕೇಳಲಿ.

ದುಡ್ಡು. ಅವಳದು ಅವಳಿಗೇ. ಅವಳ ಹೆಸರಿನಲ್ಲೇ ಖಾತೆಗೆ ಬರಲಿ. ಹತ್ತು ವರ್ಷ ತುಂಬಿದ ಮಕ್ಕಳು ತಾವೇ ನಡೆಸುವ ಉಳಿತಾಯ ಖಾತೆ ತೆರೆಯಬಹುದು, 2025ರಲ್ಲಿ ರಿಸರ್ವ್ ಬ್ಯಾಂಕ್ ಮತ್ತೆ ಅದನ್ನು ಸ್ಪಷ್ಟ ಮಾಡಿದೆ. ನಗದು ಕೊಡುತ್ತೇವೆ ಎಂದರೆ ಬೇಡ ಎನ್ನಲಿ. ಅಂಗಡಿಯವರು ಗುರುತಿಗೆ ಕಾಗದ ಕೇಳಿದರೆ ಜೆರಾಕ್ಸು ಕೊಡಿ. ಹತ್ತನೆಯ ಅಂಕಪಟ್ಟಿಯ ಒರಿಜಿನಲ್ಲು ಯಾರ ಕೈಗೂ ಕೊಡಬೇಡಿ. 'ಮನೆಯಲ್ಲೇ ಕೂತು ಕೆಲಸ, ಮೊದಲು ಇಷ್ಟು ಕಟ್ಟಿ' ಎಂದು ಫೋನಿಗೆ ಮೆಸೇಜು ಬಂದರೆ ಅದು ಮೋಸ, ಅದರ ಮಾತೇ ಬೇಡ.

ಇನ್ನು ಊರಿನ ವಿಷಯ. ನನ್ನ ಮಗ ಸೇರುವಾಗಲೇ ನಮ್ಮ ಟಿಕೆಟ್ ಆಗಿತ್ತು. ನೀನೇ ಹೋಗಿ ಹೇಳು ಎಂದೆ. ರಾತ್ರಿಯೆಲ್ಲ ಹೊರಳಾಡಿದ. ಮಾರನೆಯ ದಿನ ಮಾಲೀಕರ ಎದುರು ನಿಂತು, ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಊರಿಗೆ ಹೋಗುತ್ತೇನೆ, ಬಂದ ಮೇಲೆ ಜೂನ್ ಕೊನೆಯವರೆಗೆ ತಪ್ಪಿಸುವುದಿಲ್ಲ ಎಂದನಂತೆ. ಅವರು ಗೊಣಗಿದರು, ಕ್ಯಾಲೆಂಡರಿನಲ್ಲಿ ಗೆರೆ ಹಾಕಿಕೊಂಡರು, ಬಿಟ್ಟರು. ಆ ರಜೆಯ ಸಂಬಳ ಹಿಡಿದರು, ಅದು ಸರಿಯೇ. ಅವತ್ತು ಅವನು ಮನೆಗೆ ಬಂದಾಗ ಅವನ ದನಿಯೇ ಬೇರೆ ಇತ್ತು. ನಾನು ಫೋನು ಮಾಡಿದ್ದರೆ ಅದು ಬರುತ್ತಿರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ನಿನ್ನ ಮಗಳೇ ಕೇಳಲಿ. ಸೇರುವ ಮೊದಲೇ ಕೇಳಲಿ. ಊರಿನ ದಿನ ಒಂದು, ಕಾಲೇಜಿನ ದಿನ ಇನ್ನೊಂದು. ಮೇ ತಿಂಗಳಲ್ಲಿ ರಿಸಲ್ಟು ಬಂದ ಮೇಲೆ ಅಂಕಪಟ್ಟಿ, ಪದವಿಯ ಪ್ರವೇಶ ಎಂದು ಓಡಾಟ ಇರುತ್ತದೆ. ಅದನ್ನೂ ಈಗಲೇ ಹೇಳಿಟ್ಟರೆ ಆಮೇಲೆ ಇಬ್ಬರಿಗೂ ಜಗಳ ಇಲ್ಲ.

ತಿಂಗಳು ಪೂರ್ತಿ ರಜೆ ಯಾರೂ ಕೊಡುವುದಿಲ್ಲ, ಕೇಳುವುದೂ ಸರಿಯಲ್ಲ. ನೀನು ಸಣ್ಣವನನ್ನು ಕರೆದುಕೊಂಡು ಮೊದಲು ಹೋಗು. ಅವಳೂ ಅವಳ ಅಪ್ಪನೂ ಎರಡು ವಾರ ಬಿಟ್ಟು ಬರಲಿ, ಒಂದು ವಾರ ಇರಲಿ. ಒಂದೇ ಟಿಕೆಟಿನಲ್ಲಿ ಇಬ್ಬರ ಹೆಸರು ಮಾತ್ರ ರದ್ದು ಮಾಡಲು ಆಗುತ್ತದೆ. ಮೇ ಕೊನೆಯ ತಾರೀಕುಗಳಿಗೆ 60 ದಿನ ಮೊದಲೇ ಬುಕ್ಕಿಂಗ್ ತೆರೆದಿರುತ್ತದೆ, ಕಾಯುವ ಪಟ್ಟಿ ಬಂದಿರಬಹುದು, ಇವತ್ತೇ ನೋಡು. ಸಿಗದಿದ್ದರೆ ತತ್ಕಾಲ್, ಹಿಂದಿನ ದಿನ ಎಸಿಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ. ಜೂನಿಗೆ ಮಾತ್ರ ದೂಡಬೇಡ. ಮಧ್ಯ ಜೂನಿನಿಂದ ಮಳೆಗಾಲದ ವೇಳಾಪಟ್ಟಿ, ಗಾಡಿ ನಿಧಾನ. ಯಕ್ಷಗಾನದ ಆಟ ನೋಡುವ ಆಸೆ ಇದ್ದರೂ ಮೇಯಲ್ಲೇ ಬರಬೇಕು, ಮೇ ಕೊನೆಯ ವಾರ ಬರುವ ಪತ್ತನಾಜೆಯ ದಿನಕ್ಕೆ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಅಮ್ಮನಿಗೂ ಹಲಸಿನ ಹಪ್ಪಳಕ್ಕೆ ಕೈ ಬೇಕು, ನೀನು ಮೊದಲೇ ಹೋದರೆ ಅವಳಿಗೆ ಹಿತ.

ಅಪ್ಪನೂ ಮಗಳೂ ಇಬ್ಬರೇ ಮನೆಯಲ್ಲಿ ಇರುವ ಆ ಎರಡು ವಾರ ಊಟಕ್ಕೆ ಹೇಗೆ ಎಂದು ನೀನು ಯೋಚನೆ ಮಾಡುತ್ತೀಯಾ, ನನಗೆ ಗೊತ್ತು. ಕುಚ್ಚಲಕ್ಕಿ ಗಂಜಿ, ಚಟ್ನಿ, ಮೊಟ್ಟೆ ಅವರಿಗೂ ಬರುತ್ತದೆ. ಭಾನುವಾರ ಇಬ್ಬರೂ ನಮ್ಮಲ್ಲಿಗೆ ಬರಲಿ, ಮೀನು ಮಾಡುತ್ತೇನೆ.

ಈ ಶನಿವಾರ ನನಗೆ ರಜೆ. ನಾನು ಠಾಣೆಗೆ ಬರುತ್ತೇನೆ. ನಾವಿಬ್ಬರೂ ಹೊರಗೆ ನಿಲ್ಲೋಣ, ಅವಳು ಒಳಗೆ ಹೋಗಿ 12ರಿಂದ 6, ವಾರದ ರಜೆ, ಊರಿನ ತಾರೀಕು, ಮೂರೂ ಮಾತಾಡಿ ಬರಲಿ. ಅಲ್ಲಿಯವರೆಗೆ ಟಿಕೆಟಿಗೆ ಕೈ ಹಾಕಬೇಡ. ಎಷ್ಟು ಗಂಟೆಗೆ ಬರಲಿ, ಅವಳನ್ನೇ ಕೇಳಿ ತಿಳಿಸು.