ರಾಜಕೀಯ ಬೇರೆ, ಆಡಳಿತ ಬೇರೆ ಅನ್ನೋದು ಈಗಲೂ ನಿಲ್ಲುತ್ತದಾ?

ಕಂಕನಾಡಿ ಓದುಗ:
ಎಂಎ ಪರೀಕ್ಷೆಗೆ ಓದುತ್ತಿದ್ದೇನೆ. ಆಡಳಿತ ರಾಜಕೀಯದ ಹೊರಗೆ ಇರಬೇಕು ಅಂತ ಮುಂದೆ ಅಮೆರಿಕದ ಅಧ್ಯಕ್ಷರಾದ ವುಡ್ರೋ ವಿಲ್ಸನ್ 1887ರಲ್ಲಿ ಬರೆದರು. ಎರಡನ್ನೂ ಬಿಡಿಸಲು ಆಗುವುದಿಲ್ಲ ಅಂತ 1949ರಲ್ಲಿ ಅಮೆರಿಕದ ಆಡಳಿತ ತಜ್ಞ ಪಾಲ್ ಆಪಲ್‌ಬಿ ಹೇಳಿದರು. ಹಾಗಾದರೆ ವಿಲ್ಸನ್‌ರನ್ನು ಇನ್ನೂ ಓದಿಸುವುದು ಯಾಕೆ? ನಮ್ಮ ಮಂಗಳೂರು ಪಾಲಿಕೆಯನ್ನೇ ನೋಡಿ, ಮೇಯರ್ ಆರಿಸಿ ಬಂದವರು, ಕಮಿಷನರ್ ಸರ್ಕಾರ ಕಳಿಸಿದವರು. ಇವರ ನಡುವಿನ ಗೆರೆ ಎಲ್ಲಿದೆ?

ಹಾಡಿಮನೆ:
ವಿಲ್ಸನ್ ಯಾವಾಗ ಬರೆದರು ಅಂತ ಮೊದಲು ನೋಡಿ ಮಾರಾಯ್ರೆ. ಆಗ ಅಮೆರಿಕದಲ್ಲಿ ಪೋಸ್ಟ್‌ಮಾಸ್ಟರ್ ಕೆಲಸ ಕೂಡ ಗೆದ್ದ ಪಕ್ಷದವರಿಗೇ ಹೋಗುತ್ತಿತ್ತು. 1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಹೊಡೆದವನು ಕೆಲಸ ಕೇಳಿ ಸಿಗದೆ ಹೋದವನು. ಪರೀಕ್ಷೆ ಬರೆಸಿ ನೌಕರಿ ಕೊಡುವ ಪೆಂಡಲ್ಟನ್ ಕಾಯ್ದೆ ಬಂದದ್ದು 1883ರಲ್ಲಿ. ಏನು ಕೆಲಸ ಆಗಬೇಕು ಅಂತ ರಾಜಕೀಯ ಹೇಳಲಿ, ಆದರೆ ಕಚೇರಿಯ ಕುರ್ಚಿಗಳನ್ನು ಹಂಚುವುದು ಬೇಡ, ಇಷ್ಟೇ ವಿಲ್ಸನ್ ಮಾತು. ಅದು ಹಳೆಯದಾಗಿಲ್ಲ. ವರ್ಗಾವಣೆ ಸಮಯದಲ್ಲಿ ಯಾವ ಕಚೇರಿಗೆ ಬೇಕಾದರೂ ಹೋಗಿ ನೋಡಿ.

ತೋಡಿನ ಬದಿ:
ನಾನು ಉಡುಪಿ ಕಡೆಯ ಒಂದು ಪಂಚಾಯತಿಯಲ್ಲಿ ಕೆಲಸ ಮಾಡಿ ನಿವೃತ್ತ ಆದವನು. ಒಂದು ವರ್ಷ ಎರಡು ಕಡೆಯವರು ಕಾಲುಸಂಕ (ತೋಡು ನಡೆದು ದಾಟುವ ಸಣ್ಣ ಸೇತುವೆ) ಕೇಳಿದರು, ದುಡ್ಡು ಇದ್ದದ್ದು ಒಂದಕ್ಕೆ. ಶಾಲೆ ಮಕ್ಕಳು ಅಡಿಕೆ ಮರದ ಸಂಕ ದಾಟುವ ಜಾಗಕ್ಕೇ ಮೊದಲು ಅಂತ ಸದಸ್ಯರು ತೀರ್ಮಾನ ಮಾಡಿದರು. ಅದು ರಾಜಕೀಯ, ಒಳ್ಳೆಯ ರಾಜಕೀಯ. ಆಮೇಲೆ ಇಂಜಿನಿಯರ್ ಬಂದು ತೋಡಿನ ದಡದ ಮಣ್ಣು ಮೆತ್ತಗಿದೆ, ಸಂಕ ಉದ್ದ ಬೇಕು, ಖರ್ಚು ಜಾಸ್ತಿ ಅಂದರು. ಆ ಜಾಸ್ತಿ ದುಡ್ಡು ತರಬೇಕಾದರೆ ಇನ್ನೊಂದು ವಾರ್ಡಿನ ರಸ್ತೆ ನಿಲ್ಲಬೇಕು. ಈಗ ಹೇಳಿ, ಇಂಜಿನಿಯರ್ ಬರೆದ ಆ ಎಸ್ಟಿಮೇಟು ಆಡಳಿತವಾ, ರಾಜಕೀಯವಾ? ಆಪಲ್‌ಬಿ ಹೇಳಿದ್ದು ಇದನ್ನೇ ಅಲ್ವಾ.

ಅಷ್ಟರಲ್ಲಿ ಒಬ್ಬ ಸದಸ್ಯರು ಫೋನ್ ಮಾಡಿ, ಕೆಲಸ ಶುರು ಮಾಡಿ, ನಿರ್ಣಯ ಆಮೇಲೆ ಬರೆದರಾಯ್ತು ಅಂದರು. ಸಭೆಯಲ್ಲೇ ಹೇಳಿ, ನಡವಳಿ ಪುಸ್ತಕದಲ್ಲಿ ಬರೆಯುತ್ತೇನೆ ಅಂದೆ. ನನಗೆ ಗೆರೆ ಕಂಡದ್ದು ಅಲ್ಲಿ. ಬಾಯಿಮಾತಿನ ಆದೇಶವನ್ನು ಅಧಿಕಾರಿಗಳು ಬರಹಕ್ಕೆ ಇಳಿಸಲೇಬೇಕು ಅಂತ ಸುಪ್ರೀಂ ಕೋರ್ಟ್ ಕೂಡ 2013ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಹೇಳಿದೆ. ಬರೆದಿಟ್ಟರೆ ಯಾರು ತೀರ್ಮಾನ ಮಾಡಿದರು ಅಂತ ಜನರಿಗೆ ಗೊತ್ತಾಗುತ್ತದೆ.

ಕಂಕನಾಡಿ ಓದುಗ:
ಇದು ಯಾವ ನೋಟ್ಸ್‌ನಲ್ಲೂ ಸಿಗಲಿಲ್ಲ, ತುಂಬಾ ಉಪಕಾರ ಆಯ್ತು. ಆ ಎಸ್ಟಿಮೇಟು ಮತ್ತೆ ಸಭೆಗೆ ಬಂತಾ?

ತೋಡಿನ ಬದಿ:
ಬಂತು. ಎರಡು ಗಂಟೆ ಜೋರು ಚರ್ಚೆ. ರಸ್ತೆ ನಿಂತ ವಾರ್ಡಿನ ಸದಸ್ಯೆ ತನ್ನ ವಿರೋಧವನ್ನೂ ಬರೆಯಿರಿ ಅಂದರು, ಬರೆದೆ. ಸಂಕ ಆ ಮಳೆಗಾಲಕ್ಕೆ ಆಗಲಿಲ್ಲ, ಮುಂದಿನ ಮಳೆಗಾಲಕ್ಕೆ ಆಯ್ತು.