ಸಹಾಯ ಬೇಕು: ಗೋಶಾಲೆ ನಡಿಗೆ ಮೇವಿನ ಕಟ್ಟೆ ಹತ್ರ ಜಾಮ್ ಆಗ್ತಿದೆ

ಬಿಡಾಡಿ ದನಗಳ ಆಶ್ರಯಧಾಮಕ್ಕೆ ನಿಧಿ ಸಂಗ್ರಹ. ವೇದಿಕೆ, ಭಾಷಣ ಏನೂ ಇಲ್ಲ, ಜನ ನಡೆದು ಅನುಭವಿಸಬೇಕು ಅಷ್ಟೇ. 120 ಜನ, 12 ಜನರ ತಂಡ, 10 ನಿಮಿಷಕ್ಕೊಂದು ತಂಡ ಒಳಗೆ.

ಗೇಟಲ್ಲಿ ಕಾಲುಬಾಯಿ ರೋಗ ಬರದಿರಲಿ ಅಂತ ವಾಷಿಂಗ್ ಸೋಡಾ ನೀರು (100 ಲೀಟರಿಗೆ 4 ಕೆಜಿ), ಅದರಲ್ಲಿ ಚಪ್ಪಲಿ ಅದ್ದಿ ಬರಬೇಕು. ಆಮೇಲೆ ಕತ್ತಲೆ ಶೆಡ್ಡಲ್ಲಿ ಹೆದ್ದಾರಿಯ ಸದ್ದು, ಹೆಡ್‌ಫೋನಲ್ಲಿ ಮಾತ್ರ. ಸ್ಪೀಕರ್ ಹಾಕಿದ್ರೆ ದನ ಬೆದರ್ತವೆ. ಮುಂದೆ ಹಸುವಿನ ಹೊಟ್ಟೆಯಿಂದ ಆಪರೇಷನ್ ಮಾಡಿ ತೆಗೆದ ಪ್ಲಾಸ್ಟಿಕ್: ಒಣಗಿಸಿ ಕಟ್ಟಿದ ಗಂಟನ್ನ ಕೈಯಲ್ಲಿ ಎತ್ತಿ ನೋಡಬಹುದು. ಇಲ್ಲಿಗೆ ಎಲ್ಲರೂ ಸುಮ್ಮನಾಗ್ತಾರೆ. ಕೊನೆಗೆ ಮೇವು ತಿನ್ನಿಸೋದು, ಪಕ್ಕದಲ್ಲೇ ದೇಣಿಗೆ ಟೇಬಲ್.

ತೊಂದರೆ ಇಲ್ಲೇ. ತಾಲೀಮಲ್ಲಿ ಮೇವಿನ ಕಟ್ಟೆಗೇ 17 ನಿಮಿಷ ಹಿಡೀತು. ತಂಡಕ್ಕೆ 7 ನಿಮಿಷ ಹಿಂದೆ ಬಿದ್ರೆ ಹತ್ತನೇ ತಂಡ ಒಂದು ಗಂಟೆ ಕಾಯಬೇಕು. ಎರಡನೇ ಕಟ್ಟೆ ಮಾಡೋಣ ಅಂದ್ರೆ ಉಳಿದಿರೋದು ಹೊಸದಾಗಿ ಬಂದ ದನಗಳ ಪ್ರತ್ಯೇಕ ಶೆಡ್, ಅಲ್ಲಿಗೆ ಜನರನ್ನ ಬಿಡೋ ಹಾಗಿಲ್ಲ. 17 ನಿಮಿಷಕ್ಕೊಂದು ತಂಡ ಬಿಟ್ರೆ ಕತ್ತಲಾಗುತ್ತೆ, ದನಗಳೂ ಮಲಗ್ತವೆ. ಬೆಲ್ಲ, ಅಕ್ಕಿ ಮೊದಲೇ ಬಂದ್ ಮಾಡಿದೀವಿ (ಹೊಟ್ಟೆ ಹುಳಿಯಾಗುತ್ತೆ), ಆದ್ರೂ ಸಮಯ ಉಳೀಲಿಲ್ಲ. ಸಮಯ ತಿನ್ನೋದು ರಸೀದಿ: ದೇಣಿಗೆಗೆ ಸಿಗೋ ಆದಾಯ ತೆರಿಗೆ ವಿನಾಯಿತಿಗೆ ಪ್ಯಾನ್, ವಿಳಾಸ ಬರ್ಕೋಬೇಕಲ್ಲ.

ದೇಣಿಗೆ ಟೇಬಲನ್ನ ಪ್ಲಾಸ್ಟಿಕ್ ಗಂಟಿನ ಹತ್ರ ಹಾಕೋದಾ, ಅಥವಾ ಮೇವು ಮುಗಿಸಿ ಹೊರಗೆ ಟೀ ಕೊಡೋ ಜಾಗದಲ್ಲಾ? ಹೊರಗೆ ಹಾಕಿದ್ರೆ ಜನ ಕೊಡದೇ ಹೊರಟುಹೋಗ್ತಾರಾ? ಇಂಥದ್ದು ನಡೆಸಿದವರು ಹೇಳಿ.