ಪದಚರ್ಚೆ: ‘ಮುಂದಿನ ಶಾಕ್ ಸಡಿಲಿಸಿ’ ಅಂದರೆ ಯಾವುದನ್ನು, ಎಷ್ಟು?

ಪ್ರಶ್ನೆ

ಪಿಕಪ್ ಟ್ರಕ್ಕಿನ ಮುಂಭಾಗದ ಶಾಕ್ ಅಬ್ಸಾರ್ಬರುಗಳನ್ನು ಮನೆಯಲ್ಲೇ ಬದಲಿಸಿಕೊಳ್ಳುವವರಿಗೆಂದು ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಕರಡಿನ ಒಂದು ವಾಕ್ಯ ಹೀಗಿದೆ: ‘ಎಡಗಡೆಯದು ಮುಗಿದ ಮೇಲೆ ಮುಂದಿನ ಆಘಾತ ಹೀರಕವನ್ನು ಸಡಿಲಿಸಿ, ಹೊಸದನ್ನು ಜೋಡಿಸಿ ಬಿಗಿಗೊಳಿಸಿ.’ ಓದಿದವರಲ್ಲಿ ಒಬ್ಬರಿಗೆ ‘ಮುಂದಿನ’ ಅಂದರೆ ಮುಂಭಾಗದ್ದು, ಇನ್ನೊಬ್ಬರಿಗೆ ಸರದಿಯಲ್ಲಿ ಮುಂದೆ ಬರುವ ಬಲಗಡೆಯದು. ‘ಆಘಾತ ಹೀರಕ’ ಯಾರಿಗೂ ಹಿಡಿಸಲಿಲ್ಲ. ‘ಸಡಿಲಿಸಿ’ ಅಂದರೆ ಕಳಚುವುದೋ, ಒಂದು ಸುತ್ತು ತಿರುಗಿಸಿ ಬಿಡುವುದೋ? ಇನ್ನೆರಡು ಕಡೆಯೂ ಪದ ಸಿಕ್ಕಿಹಾಕಿಕೊಂಡಿದೆ. ಶಾಕಿನ ಮೇಲೆ ಎಣ್ಣೆಯ ತೇವ ಕಂಡರೆ ಅದನ್ನೂ ‘ಸೋರಿಕೆ’ ಅನ್ನಬೇಕೇ? ಹೊಸ ಶಾಕನ್ನು ಕೂರಿಸುವ ಮೊದಲು ನಾಲ್ಕಾರು ಬಾರಿ ಒತ್ತಿ ಎಳೆಯುತ್ತಾರಲ್ಲ, ಅದಕ್ಕೆ ‘ಗಾಳಿ ತೆಗೆಯುವುದು’ ಅಂದರೆ ತಪ್ಪಾಗುತ್ತದೆಯೇ?

ಉತ್ತರ 1: ಹೆಸರಿನ ಬಗ್ಗೆ

‘ಆಘಾತ ಹೀರಕ’ ಕಿವಿಗೆ ಒರಟು ಅನ್ನುವುದು ಸಣ್ಣ ದೂರು. ದೊಡ್ಡ ದೂರು, ಅದು ಹೇಳುವ ಕೆಲಸವನ್ನು ಆ ಭಾಗ ಮಾಡುವುದೇ ಇಲ್ಲ. ಗುಂಡಿಯ ಹೊಡೆತವನ್ನು ತಾಳಿಕೊಳ್ಳುವುದು ಸ್ಪ್ರಿಂಗು. ಅದು ಸುರುಳಿಯಾಗಿರಬಹುದು, ಕಮಾನು ಪಟ್ಟಿಯಾಗಿರಬಹುದು, ತಿರುಚಿಕೊಳ್ಳುವ ಸರಳಾಗಿರಬಹುದು. ಹೊಡೆತ ತಿಂದ ಸ್ಪ್ರಿಂಗು ಸುಮ್ಮನೆ ನಿಲ್ಲುವುದಿಲ್ಲ, ಮೇಲೆ ಕೆಳಗೆ ಜೀಕುತ್ತಲೇ ಇರುತ್ತದೆ. ಆ ಜೀಕಾಟವನ್ನು ಅಡಗಿಸುವುದಷ್ಟೇ ಶಾಕಿನ ಪಾಲಿನ ಕೆಲಸ. ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ನೂಕುತ್ತದೆ, ಅಲ್ಲಾಟದ ಶಕ್ತಿ ಬಿಸಿಯಾಗಿ ಹೊರಗೆ ಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಓಡಿಸಿ ನಿಲ್ಲಿಸಿದಾಗ ಒಂದು ಶಾಕ್ ಬೆಚ್ಚಗಿದ್ದು ಇನ್ನೊಂದು ತಣ್ಣಗಿದ್ದರೆ, ಅನುಮಾನ ಪಡಬೇಕಾದ್ದು ತಣ್ಣಗಿರುವುದರ ಮೇಲೆ. (ಬರಿಗೈಯಿಂದ ಹಿಡಿಯಬೇಡಿ, ಚೆನ್ನಾಗಿ ಕೆಲಸ ಮಾಡುವ ಶಾಕ್ ಸುಡುವಷ್ಟು ಕಾಯಬಲ್ಲದು.)

ಇಂಗ್ಲಿಷಿನಲ್ಲೂ ಈ ಹೆಸರು ತಪ್ಪೇ. ಬ್ರಿಟನ್ನಿನ ಕಾರ್ಯಾಗಾರದ ಭಾಷೆ ಇದನ್ನು ‘ಡ್ಯಾಂಪರ್’ ಅನ್ನುತ್ತದೆ, ಅದೇ ಸರಿಯಾದ ಮಾತು. ಕಾರುಗಳ ಆರಂಭದ ಕಾಲದಲ್ಲಿ ಬಂದ ತ್ರುಫೋ-ಹಾರ್ಟ್‌ಫರ್ಡ್ ಶಾಕುಗಳಲ್ಲಿ ಎಣ್ಣೆಯೇ ಇರಲಿಲ್ಲ. ಒಂದರ ಮೇಲೊಂದು ಒತ್ತಿಕೊಂಡ ಬಿಲ್ಲೆಗಳು ಉಜ್ಜಿಕೊಂಡು ಜೀಕಾಟವನ್ನು ತಡೆಯುತ್ತಿದ್ದವು. ಹೀರುವ ಮಾತು ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಇದು ಬರೀ ಪದದ ಜಗಳವಲ್ಲ. ಹೆಸರನ್ನು ನಂಬಿದವರು ‘ಗಾಡಿ ಮುಂದಕ್ಕೆ ಕೂತಿದೆ, ಶಾಕ್ ಹಾಕಿದರೆ ಎದ್ದೀತು’ ಅಂದುಕೊಳ್ಳುತ್ತಾರೆ. ಏಳುವುದಿಲ್ಲ. ಗಾಡಿ ಕೂತರೆ ಕಾರಣ ಸ್ಪ್ರಿಂಗು. ಗ್ಯಾರೇಜಿನ ಕನ್ನಡ ಈ ಎರಡನ್ನೂ ಆಗಲೇ ಬೇರ್ಪಡಿಸಿಟ್ಟಿದೆ: ‘ಗಾಡಿ ಕೂತಿದೆ’, ‘ಶಾಕ್ ಹೋಗಿದೆ’. ಮೂತಿಯನ್ನು ಒತ್ತಿ ಬಿಟ್ಟಾಗ ಒಮ್ಮೆ ಎದ್ದು ನಿಲ್ಲದೆ ಎರಡು ಮೂರು ಸಲ ಜೀಕಿದರೆ ಶಾಕ್ ಹೋಗಿದೆ. ಬ್ರೇಕ್ ಹಾಕಿದಾಗ ಮೂತಿ ವಿಪರೀತ ಬಾಗುವುದು, ಟೈರಿನ ಮೇಲೆ ಅಲ್ಲಲ್ಲಿ ತಗ್ಗುತಗ್ಗಾಗಿ ಸವೆಯುವುದು ಇವೂ ಅದರ ಗುರುತುಗಳೇ. ಕೈಪಿಡಿಯಲ್ಲಿ ಈ ಎರಡು ನುಡಿಗಟ್ಟುಗಳನ್ನು ಹಾಗೆಯೇ ಇಟ್ಟುಕೊಳ್ಳಿ.

ಹೆಸರಿಗೆ ‘ಶಾಕ್’ ಸಾಕು. ‘ಶಾಕಬ್ಸರ್’, ‘ಶಾಕಪ್’ ಎಂಬ ರೂಪಗಳು ಬಾಯಲ್ಲಿ ಓಡಾಡುತ್ತವೆ, ಬರಹಕ್ಕೆ ಅವು ಬೇಕಿಲ್ಲ. ಕನ್ನಡದ್ದೇ ಬೇಕೆಂದರೆ ‘ಜೀಕುತಡೆ’ ಅನ್ನಬಹುದು. ಮೊದಲ ಸಲ ಬಂದಾಗ ಒಮ್ಮೆ ಹೇಳಿ ಬಿಟ್ಟುಬಿಡಿ. ಅಂಗಡಿಯಲ್ಲಿ ಯಾರೂ ಜೀಕುತಡೆ ಕೇಳುವುದಿಲ್ಲ.

ಆದರೆ ‘ಶಾಕ್’ ಪದದಲ್ಲೇ ಒಂದು ಅಪಾಯವಿದೆ, ಅದನ್ನು ಮೊದಲ ಪುಟದಲ್ಲೇ ಬರೆಯಬೇಕು. ಸ್ಪ್ರಿಂಗನ್ನು ಮೈಮೇಲೆ ಹೊತ್ತ ಜೋಡಣೆಗೂ ಜನ ‘ಶಾಕ್’ ಅನ್ನುತ್ತಾರೆ. ಪಿಕಪ್ಪಿನಲ್ಲಿ ಹಲವು ಬಗೆಗಳಿವೆ. ಕಮಾನು ಪಟ್ಟಿ ಅಥವಾ ತಿರುಚುಸರಳು ಇದ್ದಲ್ಲಿ ಶಾಕ್ ಪಕ್ಕದಲ್ಲಿ ಒಂಟಿಯಾಗಿ ನಿಂತಿರುತ್ತದೆ. ಕೆಲವು ಗಾಡಿಗಳಲ್ಲಿ ಸುರುಳಿಯ ನಡುವೆ ಶಾಕ್ ತೂರಿರುತ್ತದೆ. ಆದರೆ ಸುರುಳಿಯ ಒಂದು ತುದಿ ಚಾಸಿಗೆ, ಇನ್ನೊಂದು ಕೆಳಗಿನ ತೋಳಿಗೆ (ಗಾಲಿಯನ್ನು ಚಾಸಿಗೆ ಜೋಡಿಸಿ ಮೇಲೆ ಕೆಳಗೆ ಆಡುವ ಭಾಗ) ಆನಿಕೊಂಡಿರುವುದರಿಂದ ಶಾಕೊಂದನ್ನೇ ಕೆಳಗೆ ಇಳಿಸಬಹುದು. ಇನ್ನೊಂದು ಬಗೆಯಲ್ಲಿ ಸುರುಳಿಯು ಶಾಕಿನ ಮೈಗೇ ಬೆಸೆದ ತಟ್ಟೆಯ ಮೇಲೆ ಕೂತು, ಮೇಲಿನ ನಡುನಟ್ಟಿನಿಂದ ಅದುಮಿ ಹಿಡಿದಿರುತ್ತದೆ. ಆ ನಡುನಟ್ಟನ್ನು ಬಿಚ್ಚಿದರೆ ನೂರಾರು ಕಿಲೋ ಒತ್ತಡದ ಸ್ಪ್ರಿಂಗು ಮುಖಕ್ಕೆ ಸಿಡಿಯುತ್ತದೆ. ಅದಕ್ಕೆ ಸ್ಪ್ರಿಂಗನ್ನು ಅದುಮಿ ಹಿಡಿಯುವ ಸಾಧನ, ಸ್ಪ್ರಿಂಗ್ ಕಂಪ್ರೆಸರ್ ಬೇಕು, ಅದು ಬೇರೆಯೇ ಕೆಲಸ. ಅದನ್ನು ‘ಸ್ಪ್ರಿಂಗ್ ಸಮೇತ ಶಾಕ್’ ಎಂದು ಕರೆಯಿರಿ, ‘ಈ ಕೈಪಿಡಿ ಅದಕ್ಕಲ್ಲ’ ಎಂದು ನೇರವಾಗಿ ಬರೆಯಿರಿ.

ಉತ್ತರ 2: ಕ್ರಿಯಾಪದಗಳ ಬಗ್ಗೆ

ಹೆಸರಿಗಿಂತ ಕ್ರಿಯಾಪದ ಮುಖ್ಯ. ಪಾನಾ ಹಿಡಿದ ಕೈ ನಡೆಯುವುದು ಕ್ರಿಯಾಪದದ ಮಾತಿನಂತೆ. ಸಡಿಲಿಸು, ಬಿಚ್ಚು, ಕಳಚು, ತೆಗೆ ಇವು ನಾಲ್ಕೂ ಬೇರೆ ಬೇರೆ, ಕರಡು ಎಲ್ಲವನ್ನೂ ಕಲಸಿದೆ.

ಸಡಿಲಿಸು ಅಂದರೆ ಬಿಗಿ ತಪ್ಪಿಸುವುದು, ಅಷ್ಟೇ. ನಟ್ಟು ತನ್ನ ಜಾಗದಲ್ಲೇ ಇರುತ್ತದೆ. ಇದು ಗಾಲಿಯ ನಟ್ಟುಗಳಿಗೆ ಹೇಳಿ ಮಾಡಿಸಿದ ಪದ. ಗಾಡಿ ಇನ್ನೂ ನೆಲದ ಮೇಲಿರುವಾಗಲೇ ಅವನ್ನು ಅರ್ಧ ಸುತ್ತು ಸಡಿಲಿಸಬೇಕು. ಎತ್ತಿದ ಮೇಲೆ ಸಡಿಲಿಸಲು ಹೋದರೆ ಗಾಲಿಯೇ ತಿರುಗುತ್ತದೆ, ಜೋರು ಹಾಕಿದರೆ ಗಾಡಿ ಜಾಕಿನಿಂದ ಜಾರೀತು. ಬಿಚ್ಚು ಅಂದರೆ ನಟ್ಟು ಪೂರ್ತಿ ಕೈಗೆ ಬರುವುದು. ಕಳಚು ಅಂದರೆ ಒಂದಕ್ಕೊಂದು ಸಿಕ್ಕಿಕೊಂಡ ಭಾಗಗಳನ್ನು ಬೇರ್ಪಡಿಸುವುದು: ಕಣ್ಣಿಯಿಂದ (ಶಾಕಿನ ತುದಿಯಲ್ಲಿರುವ ಬಳೆ) ಬೋಲ್ಟು, ಬ್ರಾಕೆಟ್ಟಿನಿಂದ ಶಾಕಿನ ತುದಿ. ತೆಗೆ ಅನ್ನುವುದನ್ನು ಭಾಗ ಗಾಡಿಯಿಂದ ಹೊರಬರುವುದಕ್ಕೆ ಮೀಸಲಿಡಿ. ಹೀಗೆ ಕಟ್ಟುನಿಟ್ಟು ಮಾಡಿದರೆ ‘ಮೇಲಿನ ನಟ್ಟು ಬಿಚ್ಚಿ, ಕೆಳಗಿನ ಎರಡು ಬೋಲ್ಟು ಬಿಚ್ಚಿ, ಶಾಕನ್ನು ಕುಗ್ಗಿಸಿ ಕಳಚಿ, ಕೆಳಮುಖವಾಗಿ ತೆಗೆಯಿರಿ’ ಎಂಬ ವಾಕ್ಯಕ್ಕೆ ಚಿತ್ರವೇ ಬೇಕಿಲ್ಲ.

ಎತ್ತು ಮತ್ತು ಆನಿಸು ಕೂಡ ಬೇರೆ ಬೇರೆ. ಜಾಕು ಎತ್ತುತ್ತದೆ, ಸ್ಟ್ಯಾಂಡು ಹೊರುತ್ತದೆ. ‘ಜಾಕ್ ಕೊಟ್ಟು ಕೆಲಸ ಮಾಡಿ’ ಎಂದು ಬರೆದರೆ ಓದಿದವರು ಅಷ್ಟನ್ನೇ ಮಾಡುತ್ತಾರೆ. ‘ಹಿಂದಿನ ಗಾಲಿಗಳು ಉರುಳದಂತೆ ಒತ್ತು ಕೊಟ್ಟು, ಚಾಸಿಯನ್ನು ಜಾಕಿನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಆನಿಸಿ’ ಎಂದು ಮೂರನ್ನೂ ಬರೆಯಿರಿ. ಗಾಲಿ ಕಳಚಿದ ಮೇಲೆ ಇನ್ನೊಂದು ಜಾಕನ್ನು ಕೆಳಗಿನ ತೋಳಿನಡಿ (ಮುಂದೆ ಇಡೀ ಅಚ್ಚಿರುವ ಗಾಡಿಯಾದರೆ ಅಚ್ಚಿನಡಿ) ತಾಗಿಸಬೇಕು. ಇಲ್ಲಿ ‘ಎತ್ತಿ’ ಅಲ್ಲ, ‘ತಾಗಿಸಿ’. ಅನೇಕ ಗಾಡಿಗಳಲ್ಲಿ ತೋಳು ಎಷ್ಟು ಕೆಳಗೆ ಜೋತುಬೀಳಬೇಕು ಎಂಬುದನ್ನು ತಡೆದಿರುವುದೇ ಶಾಕು. ಅದನ್ನು ಕಳಚಿದೊಡನೆ ತೋಳು ಧಡಕ್ಕನೆ ಇಳಿಯುತ್ತದೆ, ಬ್ರೇಕಿನ ಹೋಸನ್ನು ಎಳೆಯುತ್ತದೆ.

ಇನ್ನು ಬಿಗಿ. ಕರಡು ಎಲ್ಲ ಕಡೆಯೂ ‘ಬಿಗಿಗೊಳಿಸಿ’ ಅನ್ನುತ್ತದೆ. ಇಲ್ಲಿ ಮೂರು ಹಂತಗಳಿವೆ, ಕನ್ನಡದಲ್ಲಿ ಮೂರಕ್ಕೂ ಸಲೀಸಾಗಿ ಪದ ಕಟ್ಟಬಹುದು: ಕೈಬಿಗಿ, ಪಾನಾಬಿಗಿ, ಅಳತೆಬಿಗಿ. ಕೈಬಿಗಿ ಬೆರಳಲ್ಲಿ ತಿರುಗುವಷ್ಟು. ಪಾನಾಬಿಗಿ ಭಾಗ ಅಲ್ಲಾಡದಷ್ಟು. ಅಳತೆಬಿಗಿ ಅಂದರೆ ಆ ಗಾಡಿಯ ಪುಸ್ತಕ ಹೇಳಿದಷ್ಟು ನ್ಯೂಟನ್-ಮೀಟರು, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ಪಾನಾದಲ್ಲಿ. ಶಾಕಿನ ಕೆಳತುದಿಯಲ್ಲಿ ರಬ್ಬರ್ ಬುಷ್ ಕೂರಿಸಿದ ಕಣ್ಣಿಯಿದ್ದರೆ ಈ ಹಂತಗಳು ನಿಜವಾಗಿ ಲೆಕ್ಕಕ್ಕೆ ಬರುತ್ತವೆ. ತೋಳು ಜೋತುಬಿದ್ದಿರುವಾಗಲೇ ಆ ಬೋಲ್ಟನ್ನು ಅಳತೆಬಿಗಿ ಮಾಡಿದರೆ ರಬ್ಬರು ಅದೇ ಭಂಗಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಗಾಡಿ ಇಳಿಸಿದಾಗ ತಿರುಚಿಕೊಳ್ಳುತ್ತದೆ, ನಿಂತಿದ್ದರೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಆದ್ದರಿಂದ ‘ಪಾನಾಬಿಗಿ ಮಾಡಿ, ಗಾಡಿಯ ಭಾರ ಗಾಲಿಗಳ ಮೇಲೆ ಬಿದ್ದ ಮೇಲೆ ಅಳತೆಬಿಗಿ ಮಾಡಿ’ ಎಂದೇ ಬರೆಯಬೇಕು. ಕೆಳತುದಿ ಅಡ್ಡಪಟ್ಟಿಯಾಗಿದ್ದು ಎರಡು ಬೋಲ್ಟಿನಲ್ಲಿ ಕೂರುವ ಬಗೆಯಾದರೆ ಬೋಲ್ಟಿಗೂ ರಬ್ಬರಿಗೂ ಸಂಬಂಧವಿಲ್ಲ, ಅಲ್ಲೇ ಅಳತೆಬಿಗಿ ಮಾಡಬಹುದು.

ಮೇಲ್ತುದಿ ಸರಳಾಗಿದ್ದರೆ (ಒಳಗಿನ ಪಿಸ್ಟನ್ನಿಗೆ ಸೇರಿದ, ಒಳಗೆ ಹೊರಗೆ ಓಡಾಡುವ ಕಡ್ಡಿ) ಕ್ರಮ ಹೀಗೆ: ಸರಳಿಗೆ ಒಂದು ವಾಷರ್, ಒಂದು ರಬ್ಬರು, ಆಮೇಲೆ ಸರಳು ಬ್ರಾಕೆಟ್ಟಿನ ತೂತಿನಿಂದ ಮೇಲೆ, ಮೇಲಿನಿಂದ ಇನ್ನೊಂದು ರಬ್ಬರು, ಇನ್ನೊಂದು ವಾಷರ್, ನಟ್ಟು. ಎರಡೂ ರಬ್ಬರನ್ನು ಒಂದೇ ಕಡೆ ಹಾಕಿದರೆ ಲೋಹಕ್ಕೆ ಲೋಹ ಬಡಿದು ಮೊದಲ ಗುಂಡಿಯಲ್ಲೇ ‘ಟಕ್’ ಅನ್ನುತ್ತದೆ. ಅಳತೆ ಸಿಗದಿದ್ದರೆ ರಬ್ಬರಿನ ಅಂಚು ಉಬ್ಬಿ ವಾಷರಿನ ಅಂಚಿಗೆ ಸಮವಾಗುವವರೆಗೆ ಬಿಗಿಮಾಡಿ ನಿಲ್ಲಿಸಿ. ಅದರಾಚೆಗೆ ಹೋದರೆ ಅದು ಬಿಗಿಯಲ್ಲ, ಜಜ್ಜುವುದು. ನಟ್ಟಿನ ಜೊತೆ ಸರಳೂ ಸುತ್ತುತ್ತದೆ. ಸುತ್ತದಂತೆ ಹಿಡಿಯಲು ಸರಳಿನ ತುದಿಯಲ್ಲಿ ಚಪ್ಪಟೆ ಮುಖಗಳಿರುತ್ತವೆ, ಅಥವಾ ಆರುಮೂಲೆಯ ಗುಳಿ ಇರುತ್ತದೆ. ಹಳೆಯದನ್ನು ಬಿಚ್ಚುವಾಗ ಇಕ್ಕಳ ಹಾಕಿ ಹಿಡಿದರೂ ನಡೆಯುತ್ತದೆ, ಹೇಗೂ ಬಿಸಾಡುವ ವಸ್ತು. ಹೊಸದರ ಹೊಳೆಯುವ ಸರಳಿಗೆ ಮಾತ್ರ ಇಕ್ಕಳ ತಾಗಬಾರದು: ಗೀರು ಬಿದ್ದ ಸರಳು ಪ್ರತಿ ಜೀಕಿಗೂ ಎಣ್ಣೆಯನ್ನು ತಡೆದಿಡುವ ಸೀಲನ್ನು ಕೆರೆಯುತ್ತದೆ, ಎಣ್ಣೆ ಹೊರಬರುತ್ತದೆ.

ಪಾನಾದ ಲೆಕ್ಕಕ್ಕೂ ಒಂದು ಸಾಲು ಕೊಡಿ. ‘14ರ ಬೋಲ್ಟು’ ಎಂಬ ಮಾತಿನಲ್ಲಿ 14 ಅನ್ನುವುದು ತಲೆಯ ಅಗಲ, ಪಾನಾದ ನಂಬರು. ಪುಸ್ತಕ ಬರೆಯುವುದು ಥ್ರೆಡ್ಡಿನ ದಪ್ಪವನ್ನು: ಎಂ10, ಎಂ12. ಎಂ10 ಬೋಲ್ಟಿಗೆ ಜಪಾನಿ ಗಾಡಿಗಳಲ್ಲಿ ಸಾಮಾನ್ಯವಾಗಿ 14ರ ಪಾನಾ, ಹಳೆಯ ಜರ್ಮನ್ ಅಳತೆಯಲ್ಲಿ 17, ಈಗಿನ ಅಂತರರಾಷ್ಟ್ರೀಯ ಅಳತೆಯಲ್ಲಿ 16. ಎಂ12ಕ್ಕೆ ಇದೇ ಸಾಲಿನಲ್ಲಿ 17, 19, 18. ಹಾಗಾಗಿ ‘17ರ ಬೋಲ್ಟು’ ಎಂದಷ್ಟೇ ಬರೆದರೆ ಎರಡು ಬೇರೆ ಬೋಲ್ಟುಗಳು ಎದ್ದು ಬರುತ್ತವೆ. ‘ಎಂ10 ಬೋಲ್ಟು, 14ರ ಪಾನಾ’ ಎಂದು ಜೊತೆಜೊತೆಗೆ ಕೊಡಿ.

ಉತ್ತರ 3: ಒಸರು, ಸೋರು, ಮತ್ತು ‘ಗಾಳಿ’

ಎಣ್ಣೆಯ ವಿಷಯದಲ್ಲಿ ಕನ್ನಡ ಶ್ರೀಮಂತ. ಸೀಲಿನ ಬಳಿ ತೆಳುವಾದ ತೇವ, ಅದಕ್ಕೆ ಅಂಟಿದ ಧೂಳು ಇದ್ದರೆ ಅದು ‘ಒಸರು’. ಸರಳು ಒಳಗೆ ಹೊರಗೆ ಓಡಾಡುವಾಗ ಸೀಲನ್ನು ನೆನೆಸಲು ಒಂದಿಷ್ಟು ಎಣ್ಣೆ ಅದರ ಮೈಗೆ ಅಂಟಿಯೇ ಬರುತ್ತದೆ. ಅದು ರೋಗವಲ್ಲ. ಒರೆಸಿ, ಸ್ವಲ್ಪ ಓಡಿಸಿ, ಮತ್ತೆ ನೋಡಬೇಕು. ಮೈಯುದ್ದಕ್ಕೂ ಗೆರೆಯಾಗಿ ಇಳಿದಿದ್ದರೆ, ಕೆಳತುದಿಯಲ್ಲಿ ತೊಟ್ಟಿಕ್ಕುತ್ತಿದ್ದರೆ ಅದು ‘ಸೋರು’. ಬದಲಿಸಲೇಬೇಕು, ಒಂದೇ ಕಡೆ ಸೋರಿದ್ದರೂ ಜೋಡಿಯಾಗಿ. ಹೊಸದೊಂದು ಹಳೆಯದೊಂದು ಇದ್ದರೆ ಎಡಬಲ ಒಂದೇ ಹದದಲ್ಲಿ ಜೀಕುವುದಿಲ್ಲ. ಎರಡಕ್ಕೂ ‘ಸೋರಿಕೆ’ ಎಂದು ಬರೆದರೆ ಒಳ್ಳೆಯ ಶಾಕು ಗುಜರಿಗೆ ಹೋಗುತ್ತದೆ. ‘ಜಿನುಗು’ ನಡುವಿನ ಪದ, ಓದಿದವರು ಎರಡೂ ಕಡೆಗೆ ಎಳೆಯುತ್ತಾರೆ. ಅದನ್ನು ಬಿಡಿ.

‘ಗಾಳಿ ತೆಗೆಯುವುದು’ ಇಲ್ಲಿ ತಪ್ಪು. ಡೀಸೆಲ್ ಲೈನಿನಲ್ಲಿ, ಬ್ರೇಕಿನಲ್ಲಿ ಗಾಳಿ ನಿಜವಾಗಿ ಹೊರಗೆ ಹೋಗುತ್ತದೆ. ಆ ಅರ್ಥದಲ್ಲಿ ಪಳಗಿದವರು ಶಾಕಿನಲ್ಲೂ ಗಾಳಿ ಬಿಡುವ ಬ್ಲೀಡ್ ನಿಪ್ಪಲ್ ಹುಡುಕುತ್ತಾರೆ. ಎರಡು ಕೊಳವೆಯ ಶಾಕನ್ನು ಅಡ್ಡ ಮಲಗಿಸಿಟ್ಟಾಗ ಹೊರಕೊಳವೆಯ ಅನಿಲ ಒಳಕೊಳವೆಗೆ ನುಸುಳಿರುತ್ತದೆ. ಸರಳು ಮೇಲ್ಮುಖವಾಗಿರುವಂತೆ ನೆಟ್ಟಗೆ ಹಿಡಿದು ನಾಲ್ಕೈದು ಬಾರಿ ಪೂರ್ತಿ ಕುಗ್ಗಿಸಿ ಹಿಗ್ಗಿಸಿದರೆ ಅದು ತನ್ನ ಜಾಗಕ್ಕೆ ಮರಳುತ್ತದೆ. ಶಾಕಿನಿಂದ ಏನೂ ಹೊರಗೆ ಬರುವುದಿಲ್ಲ. ‘ಹದಗೊಳಿಸು’ ಎಂದರೆ ಸಾಕು. ಹದಗೊಳಿಸದೆ ಹಾಕಿದರೆ ಮೊದಮೊದಲು ಸರಳು ಅಲ್ಲಲ್ಲಿ ತಡೆಯೇ ಇಲ್ಲದೆ ಸರ್ರನೆ ಜಾರುತ್ತದೆ, ‘ಹೊಸ ಶಾಕೂ ಹೋಗಿದೆ’ ಎಂಬ ದೂರು ಹುಟ್ಟುವುದು ಅಲ್ಲಿಂದ. ಒಂಟಿ ಕೊಳವೆಯ ಶಾಕಿನಲ್ಲಿ ಅನಿಲವನ್ನು ತೇಲುವ ಪಿಸ್ಟನ್ ಬೇರೆಯಾಗಿಟ್ಟಿರುತ್ತದೆ, ಅದಕ್ಕೆ ಈ ಕೆಲಸವಿಲ್ಲ.

ಕುಗ್ಗು-ಹಿಗ್ಗು ಜೋಡಿಯನ್ನು ಕೈಬಿಡಬೇಡಿ. ‘ಸಂಕೋಚನ-ವಿಸ್ತರಣ’ಕ್ಕಿಂತ ಸಾವಿರ ಪಾಲು ಮೇಲು. ಹೆಚ್ಚಿನ ಶಾಕುಗಳು ಕುಗ್ಗುವಾಗಿನದಕ್ಕಿಂತ ಹಿಗ್ಗುವಾಗ ಬಿರುಸಾಗಿರುತ್ತವೆ. ಸ್ಪ್ರಿಂಗು ಹಿಂದಕ್ಕೆ ಒದೆಯುವುದನ್ನು ಹಿಡಿಯಬೇಕಲ್ಲ! ‘ಒತ್ತಲು ಸುಲಭ, ಎಳೆಯಲು ಕಷ್ಟ, ಇದು ದೋಷವಲ್ಲ’ ಎಂದು ಒಂದು ಸಾಲು ಸೇರಿಸಿ. ಅನಿಲ ತುಂಬಿದ ಶಾಕು ಕೈಬಿಟ್ಟರೆ ತಾನೇ ಹಿಗ್ಗುತ್ತದೆ, ಅದಕ್ಕೇ ಪಟ್ಟಿ ಕಟ್ಟಿ ಕಳುಹಿಸಿರುತ್ತಾರೆ. ಹದಗೊಳಿಸಿದ ಮೇಲೆ ಮತ್ತೆ ಕುಗ್ಗಿಸಿ ಪಟ್ಟಿ ಕಟ್ಟಿ. ಸರಳು ತೂತಿಗೆ ನೇರವಾದ ಮೇಲೆಯೇ ಕತ್ತರಿಸಿ.

‘ಮುಂದಿನ’ ಪದಕ್ಕೆ ಮದ್ದಿಲ್ಲ, ಅದು ಎರಡೂ ಅರ್ಥವನ್ನು ಹೊತ್ತೇ ಬಂದಿದೆ. ಜಾಗಕ್ಕೆ ‘ಮುಂಗಾಲಿಯ’, ಸರದಿಗೆ ‘ಆಮೇಲಿನ’ ಎಂದು ಹಂಚಿಬಿಡಿ. ಎಡಬಲವನ್ನು ಚಾಲಕರ ಸೀಟಿನಲ್ಲಿ ಕೂತು ನೋಡಿದಂತೆ ಎಣಿಸಬೇಕೆಂದು ಒಮ್ಮೆ ಹೇಳಿ; ಗಾಡಿಯ ಎದುರಿಗೆ ನಿಂತವರಿಗೆ ಅದು ತಿರುಗಾಮುರುಗ.

ಪ್ರಶ್ನೆ ಕೇಳಿದವರಿಂದ, ತಿದ್ದಿದ ಕರಡು

‘ಎಡ ಮುಂಗಾಲಿಯ ಕೆಲಸ ಮುಗಿದ ಮೇಲೆ ಬಲ ಮುಂಗಾಲಿಗೆ ಬನ್ನಿ. ಕೆಳಗಿನ ತೋಳಿಗೆ ಜಾಕು ತಾಗಿಸಿ. ಮೇಲಿನ ನಟ್ಟು, ಕೆಳಗಿನ ಬೋಲ್ಟು ಬಿಚ್ಚಿ. ಶಾಕನ್ನು ಕುಗ್ಗಿಸಿ ಕಳಚಿ ತೆಗೆಯಿರಿ. ಹೊಸದನ್ನು ನೆಟ್ಟಗೆ ಹಿಡಿದು ಹದಗೊಳಿಸಿ, ಕುಗ್ಗಿಸಿ ಪಟ್ಟಿ ಕಟ್ಟಿ. ವಾಷರ್, ರಬ್ಬರು ಹಾಕಿ ಸರಳನ್ನು ತೂತಿಗೆ ನೇರ ಮಾಡಿ, ಪಟ್ಟಿ ಕತ್ತರಿಸಿ. ಮೇಲಿನ ರಬ್ಬರು, ವಾಷರ್ ಕೂರಿಸಿ ನಟ್ಟನ್ನು ಕೈಬಿಗಿ ಮಾಡಿ. ಕೆಳಗಿನ ಬೋಲ್ಟನ್ನು ಪಾನಾಬಿಗಿ ಮಾಡಿ. ರಬ್ಬರಿನ ಅಂಚು ವಾಷರಿಗೆ ಸಮವಾಗುವಂತೆ ಮೇಲಿನ ನಟ್ಟು ಬಿಗಿಮಾಡಿ. ಗಾಲಿ ಹಾಕಿ, ಅದರ ನಟ್ಟುಗಳನ್ನು ಪಾನಾಬಿಗಿ ಮಾಡಿ, ಸ್ಟ್ಯಾಂಡು ತೆಗೆದು ಗಾಡಿ ಇಳಿಸಿ. ಭಾರ ಬಿದ್ದ ಮೇಲೆ ಗಾಲಿಯ ನಟ್ಟುಗಳನ್ನು ಎದುರುಬದುರಾಗಿ, ಕೆಳಗಿನ ಬೋಲ್ಟನ್ನೂ ಅಳತೆಬಿಗಿ ಮಾಡಿ. ಸುಮಾರು 100 ಕಿಲೋಮೀಟರು ಓಡಿದ ಮೇಲೆ ಎಲ್ಲ ಬಿಗಿಗಳನ್ನೂ ಮತ್ತೊಮ್ಮೆ ನೋಡಿ.’

‘ಪಾನಾಬಿಗಿ’ಯನ್ನು ಒಂದೇ ಪದವಾಗಿ ಬರೆದಿದ್ದೇವೆ. ಬಿಡಿಸಿ ಬರೆದರೆ ಪಾನಾವನ್ನೇ ಬಿಗಿ ಮಾಡಬೇಕೇನೋ ಅನ್ನಿಸುತ್ತದೆ.